ಬದಲಾಗುತ್ತಿರುವ ಸಮಾಜದಲ್ಲಿ ಸೇವೆಗೆ ಸಭಾನಾಯಕರನ್ನು ಸಿದ್ಧಪಡಿಸುವ ಬಗೆ

ಕ್ರೈಸ್ತ ಸಭೆಯ ಹೊಣೆ ಹೊರಬೇಕಾದವರಿಗೆ ತರಬೇತಿ ಕೊಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಪಠ್ಯಕ್ರಮದ ಬಗ್ಗೆ. ಸಮಾಜ ವೇಗವಾಗಿ ಬದಲಾಗುತ್ತಿರುವಾಗ ಪಠ್ಯಕ್ರಮವೊಂದನ್ನೇ ನಂಬಿ ಕೂರುವಂತಿಲ್ಲ. ಇಂದಿನ ಯುವಜನರು ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಸೇವೆಗೆ ಇಳಿದವನು, ಕೆಲವೇ ವರ್ಷಗಳಲ್ಲಿ ಪ್ರಶ್ನೆಗಳೇ ಬೇರೆಯಾದಾಗ ದಿಕ್ಕು ತೋಚದೆ ನಿಲ್ಲುತ್ತಾನೆ. ಆದುದರಿಂದ ತರಬೇತಿಯ ಗುರಿ ವಿವೇಚನೆಯನ್ನು ಬೆಳೆಸುವುದಾಗಿರಬೇಕು. ಯಾವುದನ್ನು ಎಂದಿಗೂ ಬಿಟ್ಟುಕೊಡಲಾಗದು, ಯಾವುದನ್ನು ಅಂಜಿಕೆಯಿಲ್ಲದೆ ಬದಲಿಸಬಹುದು ಎಂಬುದನ್ನು ಸತ್ಯವೇದದ ಬೆಳಕಿನಲ್ಲಿ ತೂಗಿ ನೋಡಿ, ಜನರ ನಡುವೆ ನಿಂತು ನಿರ್ಣಯಿಸಬಲ್ಲವರು ನಮಗೆ ಬೇಕು. ಅಂಥವರು ತಯಾರಾಗುವುದು ಅನುಭವಸ್ಥರೊಬ್ಬರ ಜೊತೆಗಿದ್ದು ಸೇವೆ ಮಾಡುವುದರಿಂದ. ತರಗತಿ ಅದಕ್ಕೆ ಒತ್ತಾಸೆ ಮಾತ್ರ.

ಆಯ್ಕೆಯಿಂದಲೇ ಎಚ್ಚರ ವಹಿಸಿ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಸಭಾಧ್ಯಕ್ಷನಲ್ಲಿರಬೇಕಾದ ಲಕ್ಷಣಗಳ ಪಟ್ಟಿಯಿದೆ. ಬೋಧಿಸುವ ಸಾಮರ್ಥ್ಯವನ್ನೂ ಮನೆಯನ್ನು ನಡೆಸುವ ಜಾಣ್ಮೆಯನ್ನೂ ಬಿಟ್ಟರೆ ಅಲ್ಲಿ ಹೇಳಿರುವುದೆಲ್ಲ ಹೆಚ್ಚುಕಡಿಮೆ ನಡತೆಯ ವಿಷಯವೇ: ಮನಸ್ಸನ್ನು ಸ್ವಾಧೀನದಲ್ಲಿಟ್ಟುಕೊಳ್ಳುವುದು, ಅತಿಥಿಸತ್ಕಾರ, ಹಣದಾಸೆ ಇಲ್ಲದಿರುವುದು, ಕುತರ್ಕ ಮಾಡದಿರುವುದು. ಅದೇ ಪಟ್ಟಿಯ ಕೊನೆಯಲ್ಲಿ, ಸಭೆಯ ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಂಡಿರಬೇಕು ಎಂಬ ಮಾತು ಬರುತ್ತದೆ. ಹಾಡುವ ಕಂಠ ಅಥವಾ ಮಾತಿನ ಚಾತುರ್ಯ ನೋಡಿ ಆರಿಸುವವರು ಈ ಮಾತನ್ನು ಸುಲಭವಾಗಿ ದಾಟಿಹೋಗುತ್ತಾರೆ. ಅಭ್ಯರ್ಥಿಯ ಸಹೋದ್ಯೋಗಿಗಳನ್ನೂ ನೆರೆಹೊರೆಯವರನ್ನೂ ವಿಚಾರಿಸಿ. ಯಾರಾದರೂ ಅವರ ಮಾತನ್ನು ಎದುರುಬದುರು ಕೂತು ಅಲ್ಲಗಳೆದಾಗ ಅವರು ಹೇಗೆ ವರ್ತಿಸುತ್ತಾರೆಂಬುದನ್ನು ಗಮನಿಸಿ, ಏಕೆಂದರೆ ಮುಂದೆ ಅವರ ಮಾತನ್ನು ಪ್ರಶ್ನಿಸುವವರು ಸಭೆಯ ಒಳಗೂ ಹೊರಗೂ ಇದ್ದೇ ಇರುತ್ತಾರೆ.

ಆಯ್ಕೆಯಲ್ಲಿ ಇನ್ನೊಂದು ಅಂಶವೂ ಇದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ಯೆಹೂದ್ಯರು ಗುಣುಗುಟ್ಟಿದಾಗ ಏಳು ಮಂದಿಯನ್ನು ಆರಿಸಲಾಯಿತು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರು ಬಂದ ಕಡೆಯವರ ಕೈಗೇ ಹೊಣೆಯನ್ನು ಕೊಟ್ಟಂತೆ ಕಾಣುತ್ತದೆ. ನಿಮ್ಮ ಸಭೆಗೆ ಹೊಸದಾಗಿ ಬಂದ ಭಾಷೆಯವರು, ವಲಸಿಗರು, ಯುವಕ ಯುವತಿಯರು ನಾಯಕತ್ವದ ತರಬೇತಿಯಲ್ಲಿ ಒಬ್ಬರೂ ಇಲ್ಲದಿದ್ದರೆ, ಬದಲಾದ ಸಮಾಜದ ಬಗ್ಗೆ ಎಷ್ಟು ಪಾಠ ಮಾಡಿದರೂ ಅದು ದೂರದಿಂದ ನೋಡಿದ ಮಾತಾಗಿಯೇ ಉಳಿಯುತ್ತದೆ.

ಆಯ್ಕೆಯಾದವರಿಗೆ ಮೊದಲು ಕಲಿಸಬೇಕಾದದ್ದು ತಿರುಳನ್ನೂ ರೂಢಿಯನ್ನೂ ಬೇರ್ಪಡಿಸುವ ಕೆಲಸ. ಇದಕ್ಕೆ ಒಂದು ಸರಳ ಅಭ್ಯಾಸವಿದೆ. ನಿಮ್ಮ ಸಭೆಯಲ್ಲಿ ನಡೆಯುವುದೆಲ್ಲವನ್ನೂ, ಎಂದರೆ ಕರ್ತನ ಭೋಜನ, ದೀಕ್ಷಾಸ್ನಾನ, ಪಾಪದ ಅರಿಕೆ, ಆರಾಧನೆಯ ಹೊತ್ತು, ಪ್ರಸಂಗದ ಅವಧಿ, ವಾದ್ಯಗಳು, ಉಡುಪು, ಆಸನಗಳ ವ್ಯವಸ್ಥೆ, ಸಭಾ ಕಮಿಟಿಯ ಚುನಾವಣೆ, ಇವನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆಯಿರಿ. ಸತ್ಯವೇದ ಸ್ಪಷ್ಟವಾಗಿ ಆಜ್ಞಾಪಿಸಿರುವುದು, ನಮ್ಮ ಸಭಾಪಂಗಡ ಸತ್ಯವೇದವನ್ನು ಅಭ್ಯಾಸ ಮಾಡಿ ಒಪ್ಪಿಕೊಂಡಿರುವುದು, ಬರಿಯ ರೂಢಿಯಾಗಿ ಬಂದಿರುವುದು ಎಂದು ಮೂರು ರಾಶಿ ಮಾಡಲು ತರಬೇತಿಯವರಿಗೆ ಹೇಳಿರಿ. ಒಮ್ಮತ ಮೂಡದ ಚೀಟಿಗಳನ್ನು ಮೇಜಿನ ನಡುವೆ ಇಡಿಸಿ, ಉಳಿದ ಸಮಯವನ್ನೆಲ್ಲ ಅವುಗಳಿಗೇ ಮೀಸಲಿಡಿ. ಎಲ್ಲವನ್ನೂ ಮೊದಲ ರಾಶಿಗೆ ಸೇರಿಸುವವರಿಂದ ವಚನದ ಆಧಾರ ಕೇಳಿರಿ; ಎಲ್ಲವನ್ನೂ ಮೂರನೆಯದಕ್ಕೆ ತಳ್ಳುವವರಿಗೆ, ಆ ರೂಢಿ ಯಾವ ಸತ್ಯವನ್ನು ಕಾಪಾಡಲು ಹುಟ್ಟಿಕೊಂಡಿತು ಎಂದು ಹುಡುಕಿಕೊಂಡು ಬರಲು ಹೇಳಿರಿ. ಈ ಎರಡನೆಯ ಕೆಲಸವನ್ನು ಬಿಡಬೇಡಿ. ಕಾರಣ ತಿಳಿಯದೆ ತೆಗೆದುಹಾಕಿದ ರೂಢಿಯ ಜೊತೆಗೆ ಕೆಲವೊಮ್ಮೆ ತಿರುಳೂ ಹೊರಟುಹೋಗುತ್ತದೆ.

ಇದರ ಜೊತೆಯಲ್ಲೇ ಓದಿಸಬೇಕಾದದ್ದು ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಕೂಡಿ ನಡೆಸಿದ ಸಮಾಲೋಚನೆಯ ವೃತ್ತಾಂತ (ಅಪೊಸ್ತಲರ ಕೃತ್ಯಗಳು 15). ಅನ್ಯಜನರಿಂದ ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಆದರೆ ವಿಗ್ರಹಕ್ಕೆ ಅರ್ಪಿಸಿದ್ದನ್ನೂ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ಹಾದರವನ್ನೂ ಬಿಡಬೇಕೆಂದು ಬರೆದು ಕಳುಹಿಸಲಾಯಿತು. ಇದಾದ ಮೇಲೆ ಪೌಲನು ತಿಮೊಥೆಯನಿಗೆ, ಆ ಪ್ರಾಂತ್ಯದ ಯೆಹೂದ್ಯರ ನಿಮಿತ್ತ, ಸುನ್ನತಿ ಮಾಡಿಸಿದ. ಗ್ರೀಕನಾದ ಜೊತೆಗಾರ ತೀತನ ವಿಷಯದಲ್ಲಾದರೋ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಹೇಳುವಂತೆ ಪೌಲನು ಅದಕ್ಕೆ ಒಪ್ಪಲೇ ಇಲ್ಲ. ಒಬ್ಬನೇ ಅಪೊಸ್ತಲ ಎರಡು ಬಗೆಯಾಗಿ ನಡೆದದ್ದೇಕೆ? ಒಂದು ಕಡೆ ಜನರನ್ನು ತಲುಪುವ ಪ್ರಶ್ನೆಯಿತ್ತು, ಇನ್ನೊಂದು ಕಡೆ ಸುವಾರ್ತೆಯ ಸತ್ಯವೇ ಪಣಕ್ಕೊಡ್ಡಲ್ಪಟ್ಟಿತ್ತು. ತರಬೇತಿಯಲ್ಲಿರುವವರು ಈ ಉತ್ತರವನ್ನು ತಾವಾಗಿ ಕಂಡುಕೊಳ್ಳುವವರೆಗೆ ಕಾಯಿರಿ. ನೀವೇ ಹೇಳಿಬಿಟ್ಟರೆ ಅದು ಮತ್ತೊಂದು ಸಿದ್ಧ ಉತ್ತರವಾಗುತ್ತದೆ.

ಇನ್ನು ಕೇಳಿಸಿಕೊಳ್ಳುವ ಅಭ್ಯಾಸ. ಇಡೀ ತರಬೇತಿಯಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. 1925ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲಿನರಾಗಿದ್ದ, ಎಂದರೆ ರೋಗಿಗಳ ಆತ್ಮಿಕ ಆರೈಕೆ ನೋಡಿಕೊಳ್ಳುತ್ತಿದ್ದ ಆ್ಯಂಟನ್ ಬಾಯ್ಸನ್, ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ಕರೆತಂದು, ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯರ ಬದುಕನ್ನೂ ಓದಬೇಕೆಂದು ಕಲಿಸಿದರು. ಆ ಪರಂಪರೆಯಲ್ಲಿ ಮುಂದೆ ಬೆಳೆದ ಒಂದು ಪದ್ಧತಿಯನ್ನು ಯಾವ ಸಭೆಯೂ ಅನುಸರಿಸಬಹುದು. ಮನೆಭೇಟಿ ಮುಗಿಸಿ ಬಂದವರು ಅದೇ ದಿನ, ನೆನಪು ಹಸಿಯಾಗಿರುವಾಗಲೇ, ನಡೆದ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಒಂದೆರಡು ಪುಟ ಬರೆಯಬೇಕು. ಹೆಸರು, ಗುರುತು ಯಾವುದೂ ಇರಬಾರದು. ತಮ್ಮ ಮನಸ್ಸಿನಲ್ಲಿ ಆಗ ಏನಾಯಿತು ಎಂಬುದನ್ನು ಅಂಚಿನಲ್ಲಿ ಬರೆಯಬೇಕು. ಆಮೇಲೆ ಅದನ್ನು ಮಾರ್ಗದರ್ಶಕರ ಮುಂದೆ ಓದಬೇಕು.

ಉದಾಹರಣೆಗೆ, ಒಬ್ಬ ತಾಯಿ, "ಮಗ ಚರ್ಚಿಗೆ ಬರೋದೇ ಬಿಟ್ಟುಬಿಟ್ಟ. ಅಲ್ಲಿ ನನ್ನನ್ನು ಕೇಳೋರೇ ಇಲ್ಲ ಅಂತಾನೆ" ಎಂದರು ಎಂದುಕೊಳ್ಳಿ. ಭೇಟಿಗೆ ಹೋದವರು ಕೂಡಲೇ, "ಚಿಂತೆ ಮಾಡಬೇಡಿ ಅಮ್ಮಾ, ಪ್ರಾರ್ಥನೆ ಮಾಡೋಣ" ಎಂದು ಕಣ್ಣು ಮುಚ್ಚಿದರು. ಬರೆದದ್ದನ್ನು ಓದುವಾಗ ಮಾರ್ಗದರ್ಶಕರು ಕೇಳಬೇಕಾದದ್ದು ಇಷ್ಟೇ: ಆ ಕ್ಷಣದಲ್ಲಿ ಪ್ರಾರ್ಥನೆ ಯಾರಿಗೆ ಬೇಕಾಗಿತ್ತು? ಅಂಚಿನಲ್ಲಿ "ಏನು ಹೇಳಬೇಕೆಂದು ತಿಳಿಯಲಿಲ್ಲ" ಎಂದು ಬರೆದಿದ್ದರೆ ಉತ್ತರ ಅಲ್ಲಿಯೇ ಇದೆ. ಮಗನನ್ನು ಯಾರು ಕೇಳಲಿಲ್ಲ, ಯಾವಾಗ, ಅವನು ಈಗ ತನ್ನ ಮನಸ್ಸಿನ ಮಾತನ್ನು ಯಾರಲ್ಲಿ ಹೇಳಿಕೊಳ್ಳುತ್ತಾನೆ ಎಂದು ತಾಯಿಯನ್ನು ವಿಚಾರಿಸಿ, ಅದನ್ನೆಲ್ಲ ಮನಸ್ಸಿಟ್ಟು ಕೇಳಿದ ಮೇಲೆ ಮಾಡುವ ಪ್ರಾರ್ಥನೆಯ ತೂಕವೇ ಬೇರೆ. ಸಮಾಜದ ಬದಲಾವಣೆಯೆಂದು ನಾವು ದೊಡ್ಡದಾಗಿ ಹೇಳುವುದು ಒಂದು ಸಭೆಯ ಪಾಲಿಗೆ ಇಂಥ ಮನೆಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಪ್ರಸಂಗದ ತರಬೇತಿಗೆ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಪೌಲನ ಮೂರು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ಓದಿಸಿ. ಪಿಸಿದ್ಯದ ಅಂತಿಯೋಕ್ಯದಲ್ಲಿ ಯೆಹೂದ್ಯರ ಸಭಾಮಂದಿರದಲ್ಲಿ ಅವನು ಇಸ್ರಾಯೇಲಿನ ಚರಿತ್ರೆಯಿಂದ ಆರಂಭಿಸುತ್ತಾನೆ, ಲುಸ್ತ್ರದಲ್ಲಿ ಮಳೆ ಬೆಳೆಗಳಿಂದ, ಅಥೇನೆಯಲ್ಲಿ ಅಲ್ಲಿನ ಒಂದು ಬಲಿಪೀಠದ ಬರಹದಿಂದ. ಒಂದೇ ವಚನದ ಮೇಲೆ ಮೂರು ಬಗೆಯ ಕೇಳುಗರಿಗೆ ಪ್ರಸಂಗ ಸಿದ್ಧಪಡಿಸಲು ಹೇಳಿರಿ. ಪ್ರಸಂಗ ಮುಗಿದ ಮೇಲೆ "ಹೇಗಿತ್ತು" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವಷ್ಟೇ ಬರುತ್ತದೆ. ಬದಲಿಗೆ, ಬೇರೆ ಬೇರೆ ವಯಸ್ಸಿನ ಮೂವರನ್ನು ಕೂರಿಸಿಕೊಂಡು ತಾವು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲು ಕೇಳಿಕೊಳ್ಳಿ.

ತರಬೇತಿಗಾಗಿ ಎಲ್ಲರನ್ನೂ ಕೆಲಸದಿಂದ, ಮನೆಯಿಂದ ದೂರ ಕಳುಹಿಸಲೇಬೇಕೆಂದಿಲ್ಲ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯು ಶಿಕ್ಷಣವನ್ನು ಸಭಾನಾಯಕರಿದ್ದಲ್ಲಿಗೇ ಒಯ್ಯುವ ಪದ್ಧತಿಯನ್ನು ಆರಂಭಿಸಿತು. ಅವರು ತಮ್ಮ ಊರಿನಲ್ಲಿಯೇ ಇದ್ದು ಸ್ವಂತವಾಗಿ ಓದಿ, ನಿಗದಿತ ದಿನಗಳಲ್ಲಿ ಹತ್ತಿರದ ಕೇಂದ್ರದಲ್ಲಿ ಬೋಧಕರೊಂದಿಗೆ ಚರ್ಚಿಸುತ್ತಿದ್ದರು. ಈ ಮಾದರಿ ಮುಂದೆ ಅನೇಕ ದೇಶಗಳಿಗೆ ಹಬ್ಬಿತು. ಮೂಲಭಾಷೆಗಳನ್ನೂ ಸಭಾ ಚರಿತ್ರೆಯನ್ನೂ ಆಳವಾಗಿ ಕಲಿಯಬೇಕಾದವರಿಗೆ ಪೂರ್ಣಾವಧಿಯ ಓದು ಬೇಕೇ ಬೇಕು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಓದುವ ಹಿರಿಯರಿಗೆ ತಮ್ಮ ಸುತ್ತಲಿನ ಜನ ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಆಸೆಪಡುತ್ತಾರೆ ಎಂಬುದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಹಣದ ಲೆಕ್ಕವನ್ನು ಇಬ್ಬರು ನೋಡಬೇಕು, ಮಕ್ಕಳ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿರಬಾರದು, ಆಪ್ತ ಸಲಹೆಯಲ್ಲಿ ಕೇಳಿದ್ದು ಸಭೆಯ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಾರ್ಥನಾ ವಿಷಯವಾಗಿ ಕಾಣಿಸಿಕೊಳ್ಳಬಾರದು. ಆದರೆ ಮಗುವಿಗೆ ಅಪಾಯವಿದೆಯೆಂದು ತಿಳಿದರೆ ಅದನ್ನು ಗುಟ್ಟಾಗಿಡದೆ ಕಾನೂನಿನಂತೆ ತಿಳಿಸಬೇಕು. ಇವನ್ನು ಮೊದಲ ತಿಂಗಳಲ್ಲೇ ಬರಹದಲ್ಲಿ ಕೊಟ್ಟು ಸಹಿ ಪಡೆಯಿರಿ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಹೊಣೆಯನ್ನು ಹಂತಹಂತವಾಗಿ ವಹಿಸಿಕೊಡಿ. ಮೊದಲು ನೀವು ಮಾಡುವುದನ್ನು ಅವರು ನೋಡಲಿ, ಆಮೇಲೆ ಇಬ್ಬರೂ ಕೂಡಿ ಮಾಡಿ, ಆಮೇಲೆ ಅವರು ಮಾಡುವಾಗ ನೀವು ಹಿಂದಿನ ಸಾಲಿನಲ್ಲಿ ಕುಳಿತಿರಿ. ಈ ಕೊನೆಯ ಹಂತದಲ್ಲಿ ಎಡವುವವರು ಹೆಚ್ಚಾಗಿ ಹಿರಿಯ ಸಭಾಪಾಲಕರೇ. ಕೆಲಸವನ್ನು ಒಪ್ಪಿಸಿ ನಿರ್ಣಯವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಯಾವ ವಿಷಯಗಳಲ್ಲಿ ಅವರು ನಿಮ್ಮನ್ನು ಕೇಳದೆ ನಿರ್ಧರಿಸಬಹುದು ಎಂಬುದನ್ನು ಸಭಾ ಕಮಿಟಿಯ ಮುಂದೆಯೇ ಹೇಳಿರಿ, ಅವರ ನಿರ್ಧಾರ ನಿಮಗೆ ಹಿಡಿಸದಿದ್ದರೂ ಎಲ್ಲರೆದುರು ತಿದ್ದಬೇಡಿ. ಬೋಧಕನಾದ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲಳೂ ಅವಳ ಗಂಡ ಅಕ್ವಿಲನೂ ಅವನನ್ನು ತಮ್ಮಲ್ಲಿಗೆ ಕರೆದುಕೊಂಡು ಹೋಗಿ ವಿವರಿಸಿದರು.

ಮೊದಲ ಪ್ರಯತ್ನದಲ್ಲಿ ಸೋತವರನ್ನು ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಪೌಲ, ಬಾರ್ನಬರ ಸೇವಾಯಾತ್ರೆಯ ನಡುವೆ ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹಿಂದಿರುಗಿದ ಮಾರ್ಕನನ್ನು ಮತ್ತೆ ಕರೆದೊಯ್ಯಲು ಪೌಲ ಒಪ್ಪಲಿಲ್ಲ. ಬಾರ್ನಬ ಅವನನ್ನು ತನ್ನ ಜೊತೆ ಸೈಪ್ರಸ್‌ಗೆ ಕರೆದುಕೊಂಡು ಹೋದ. ಮುಂದೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂಬ ಮಾತು ಬರುತ್ತದೆ. ಆದುದರಿಂದ ತರಬೇತಿ ಆರಂಭಿಸುವ ಮುನ್ನವೇ, ಹಿಂಜರಿದವರ ಜೊತೆ ನಿಲ್ಲುವವರೊಬ್ಬರನ್ನು ಮಾರ್ಗದರ್ಶಕರ ತಂಡದಲ್ಲಿ ಗೊತ್ತುಮಾಡಿ, ಅವರಿಗೆ ಮೌಲ್ಯಮಾಪನದ ಕೆಲಸ ಕೊಡಬೇಡಿ.