ಕುಯೆಲಾಪ್ ಕೋಟೆಯನ್ನು ನೋಡುವ ಬಗೆ: ಹುಬ್ಬಳ್ಳಿ–ಧಾರವಾಡದಿಂದ ಹೊರಡುವವರಿಗೆ

ಪೆರು ದೇಶದ ಉತ್ತರದಲ್ಲಿ, ಉತ್ಕುಬಾಂಬಾ ನದಿಯ ಕಣಿವೆಯ ಮೇಲೆ, ಸುಮಾರು 3000 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿರುವ ಕುಯೆಲಾಪನ್ನು ಎಲ್ಲರೂ ಕೋಟೆಯೆಂದೇ ಕರೆಯುತ್ತಾರೆ. ನರಗುಂದದ ಗುಡ್ಡವನ್ನೋ ಗಜೇಂದ್ರಗಡವನ್ನೋ ಹತ್ತಿ ಬೆಳೆದ ನಮಗೆ ಕೋಟೆಯೆಂದೊಡನೆ ಬಯಲನ್ನು ಬಳಸಿದ ಗೋಡೆ, ಬುರುಜು, ಅಗಸೆ ಕಣ್ಣಿಗೆ ಬರುತ್ತವೆ. ಹೊರಡುವ ಮುನ್ನ ಆ ಚಿತ್ರವನ್ನು ಬದಿಗಿಡಬೇಕು.

ಕುಯೆಲಾಪ್ ನಿಜವಾಗಿ ಒಂದು ಕಟ್ಟೆ. ಊರ ಅರಳಿಮರದ ಸುತ್ತ ಕಲ್ಲು ಕಟ್ಟಿ ಒಳಗೆ ಮಣ್ಣು ತುಂಬುವಂತೆ, ಈ ಸೀಮೆಯಲ್ಲಿ ಹಿಂದೆ ಬಾಳಿದ ಚಾಚಪೋಯಾ ಜನರು ಬೆಟ್ಟದ ಏಣಿನ ಸುತ್ತ ಸುಣ್ಣಕಲ್ಲಿನ ಗೋಡೆಯನ್ನೆಬ್ಬಿಸಿ, ಒಳಗೆ ಕಲ್ಲುಮಣ್ಣು ತುಂಬಿ, ಆ ಮಟ್ಟದ ಮೇಲೆ ಊರು ಕಟ್ಟಿದರು. ಕಟ್ಟೆಯ ಉದ್ದ ಸುಮಾರು 600 ಮೀಟರ್, ಅಗಲ ಸುಮಾರು 110 ಮೀಟರ್. ಗೋಡೆ ಕೆಲವೆಡೆ 20 ಮೀಟರಿನಷ್ಟು ಎತ್ತರವಿದೆ. ಕೆಲಸ ಆರಂಭವಾದದ್ದು ಸುಮಾರು 6ನೆಯ ಶತಮಾನದಲ್ಲಿ. ಆಂಡೀಸ್ ಪರ್ವತಗಳಲ್ಲಿ ದೊಡ್ಡ ಸಾಮ್ರಾಜ್ಯ ಕಟ್ಟಿದ ಇಂಕಾಗಳು ಈ ಸೀಮೆಯನ್ನು ಗೆದ್ದದ್ದು 15ನೆಯ ಶತಮಾನದ ಉತ್ತರಾರ್ಧದಲ್ಲಿ. ಈ ಅಂತರವನ್ನು ನೆನಪಿಟ್ಟರೆ, ಪೆರುವಿನ ಪ್ರತಿಯೊಂದು ಕಲ್ಲನ್ನೂ ಇಂಕಾಗಳ ಲೆಕ್ಕಕ್ಕೆ ಹಾಕುವ ರೂಢಿ ತಪ್ಪುತ್ತದೆ.

ಹೋಗುವ ಕಾಲವನ್ನು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಮಳೆ ಕಡಿಮೆ. ಬೆಂಗಳೂರು ಅಥವಾ ಮುಂಬಯಿಯಿಂದ ವಿಮಾನ ಬದಲಿಸುತ್ತ ಲಿಮಾ ತಲುಪಿ, ಅಲ್ಲಿಂದ ಹಾಯೆನ್ ಪಟ್ಟಣಕ್ಕೆ ಹಾರಿ, ಮುಂದೆ ರಸ್ತೆಯಲ್ಲಿ ಕುಯೆಲಾಪಿಗೆ ಹತ್ತಿರದ ಚಾಚಪೋಯಾಸ್ ಪಟ್ಟಣ ಸೇರಬಹುದು. ಪೆರುವಿನಿಂದ ಮರಳುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಭಾರತದಲ್ಲಿ ತೋರಿಸಬೇಕಾಗುತ್ತದೆ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೆಯೇ ಆ ಪತ್ರ ಊರ್ಜಿತವಾಗುವುದರಿಂದ ಇದನ್ನು ಕೊನೆಯ ವಾರಕ್ಕೆ ಬಿಡಬಾರದು. ಸುಮಾರು 750 ಮೀಟರ್ ಎತ್ತರದ ಧಾರವಾಡದಿಂದ ಹೋದವರಿಗೆ ಮೇಲಿನ ಗಾಳಿ ತೆಳುವೆನಿಸುತ್ತದೆ. ಆದ್ದರಿಂದ 2300 ಮೀಟರಿಗೂ ಎತ್ತರದಲ್ಲಿರುವ ಚಾಚಪೋಯಾಸ್‌ನಲ್ಲಿ ಎರಡು ರಾತ್ರಿ ಉಳಿದು, ದೇಹ ಹೊಂದಿಕೊಂಡ ನಂತರವೇ ಬೆಟ್ಟಕ್ಕೆ ಹೋಗಬೇಕು.

ಬೆಟ್ಟದ ಕೆಳಗಿನ ನುಯೆವೋ ಟಿಂಗೋ ಊರಿನಿಂದ 2017ರಲ್ಲಿ ಆರಂಭವಾದ ಕೇಬಲ್ ಕಾರು ಸುಮಾರು 4 ಕಿಲೋಮೀಟರ್ ದೂರವನ್ನು 20 ನಿಮಿಷಗಳಲ್ಲಿ ಕ್ರಮಿಸುತ್ತದೆ. ಕಾಲಲ್ಲಿ ಬಲವುಳ್ಳವರು ಟಿಂಗೋ ಊರಿನಿಂದ ನಡೆದೇ ಹತ್ತಬಹುದು. ಸಾವಿರ ಮೀಟರಿಗೂ ಹೆಚ್ಚಿನ ಏರಿಕೆಯಾದ್ದರಿಂದ, ಹೊರಡುವ ಮೊದಲು ಕೆಲವು ವಾರ ನರಗುಂದದ ಗುಡ್ಡವನ್ನು ಹತ್ತಿಳಿದು ರೂಢಿ ಮಾಡಿಕೊಂಡಿರಬೇಕು.

ಮೇಲೆ ತಲುಪಿದೊಡನೆ ಒಳಗೆ ನುಗ್ಗದೆ, ಗೋಡೆಯ ಬುಡದಲ್ಲಿ ಅರ್ಧ ಗಂಟೆಯಾದರೂ ನಿಲ್ಲಿರಿ. ನನ್ನ ಮಟ್ಟಿಗೆ ಕುಯೆಲಾಪಿನ ಮುಖ್ಯ ಪಾಠ ಆ ಗೋಡೆಯೇ. ಕಲ್ಲಿನ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋಗಿ, ಎಲ್ಲಿ ಸಾಲು ನೇರವಾಗಿದೆ, ಎಲ್ಲಿ ಗೋಡೆ ಹೊಟ್ಟೆ ಬಿಟ್ಟಿದೆ ಎಂದು ಗುರುತಿಸಿರಿ. ಜಡಿಮಳೆಗೆ ನೆನೆದ ಮಣ್ಣಿನ ಗೋಡೆಗಳು ಕುಸಿಯುವುದನ್ನು ಕಂಡ ನಮ್ಮ ಜಿಲ್ಲೆಗಳ ಜನರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಳಗೆ ತುಂಬಿದ ಮಣ್ಣು ನೀರು ಕುಡಿದು ಭಾರವಾದಾಗ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. 2022ರ ಏಪ್ರಿಲ್‌ನಲ್ಲಿ ಭಾರಿ ಮಳೆಯ ನಂತರ ದಕ್ಷಿಣ ಭಾಗದ ಗೋಡೆಯ ಒಂದು ತುಂಡು ಕುಸಿದು, ತಾಣವನ್ನು ಮುಚ್ಚಬೇಕಾಯಿತು. 2023ರಲ್ಲಿ ಭಾಗಶಃ ತೆರೆಯಿತು. ಆದುದರಿಂದ ಯಾವ ದಾರಿ ತೆರೆದಿದೆಯೆಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ, ಹಗ್ಗ ಕಟ್ಟಿದ ಕಡೆ ದಾಟದೆ, ಫೋಟೋಗಾಗಿ ಗೋಡೆಗೆ ಒರಗದೆ, ಅಂಚಿನ ಮೇಲೆ ಕಾಲಿಡದೆ ನಡೆಯಿರಿ. ಒಂದು ಕಲ್ಲು ಸಡಿಲವಾದರೆ ಅದರ ಹಿಂದಿನ ಮಣ್ಣಿಗೆ ದಾರಿ ಸಿಗುತ್ತದೆ.

ಗೋಡೆಯನ್ನು ಸೀಳಿ ಏರುವ ಬಾಗಿಲುದಾರಿಗಳು ಮೂರು. ಹೊರಗೆ ಅಗಲವಾಗಿ ಆರಂಭವಾಗಿ, ಒಳಹೋದಂತೆ ಒಬ್ಬರು ಮಾತ್ರ ಹಾಯುವಷ್ಟು ಕಿರಿದಾಗುವ ಇವು ರಕ್ಷಣೆಗೂ ವಿಧಿಪೂರ್ವಕ ಪ್ರವೇಶಕ್ಕೂ ಒದಗಿರಬಹುದೆಂದು ನನಗನ್ನಿಸುತ್ತದೆ. ಗೋಡೆಗಳೊಳಗೆ ಮನುಷ್ಯರ ಅಸ್ಥಿಗಳು ದೊರೆತಿರುವುದರಿಂದ ಇದು ಪೂರ್ವಜರ ನೆಲೆಯೂ ಹೌದು. ಗದ್ದುಗೆಯ ಮುಂದೆ ನಡೆಯುವಷ್ಟೇ ತಗ್ಗಿದ ದನಿ ಇಲ್ಲಿಯೂ ಇರಲಿ.

ಮೇಲಿನ ಮಟ್ಟದಲ್ಲಿ 400ಕ್ಕೂ ಹೆಚ್ಚು ಕಟ್ಟಡಗಳ ಕುರುಹುಗಳಿವೆ. ಹೆಚ್ಚಿನವು ದುಂಡು ಮನೆಗಳು. ಅವುಗಳ ಮೇಲೆ ಹುಲ್ಲಿನ ಶಂಕುವಿನಾಕಾರದ ಸೂರುಗಳಿದ್ದವು. ಮನೆಯ ನೆಲದಲ್ಲಿ ಅರೆಯುವ ಕಲ್ಲನ್ನೂ, ಗಿನಿ ಹಂದಿಗಳನ್ನು ಸಾಕುತ್ತಿದ್ದ ಕಲ್ಲಿನ ಕಾಲುವೆಯನ್ನೂ ಹುಡುಕಿರಿ. ಕೆಲವೇ ಗೋಡೆಗಳಲ್ಲಿ ವಜ್ರಾಕಾರದ, ಅಂಕುಡೊಂಕಿನ ಪಟ್ಟಿಗಳಿವೆ. ನಮ್ಮ ಕೌದಿಯ ಅಂಚಿನ ಹೊಲಿಗೆ ನೆನಪಾದರೆ ಆಶ್ಚರ್ಯವಿಲ್ಲ. ದಕ್ಷಿಣ ತುದಿಯಲ್ಲಿರುವ, ಬುಡಕ್ಕಿಂತ ತಲೆ ಅಗಲವಾದ ಕಟ್ಟಡದ ಹೆಸರು ಟಿಂಟೆರೋ, ಅಂದರೆ ಮಸಿಕುಡಿಕೆ. ಅಲ್ಲಿಗೆ ಹೋಗುವ ದಾರಿ ತೆರೆದಿದ್ದರೆ ಅದನ್ನು ಮೊದಲು ನೋಡಿ, ಉತ್ತರದ ಎತ್ತರದ ಭಾಗವನ್ನು ನಂತರಕ್ಕಿಟ್ಟುಕೊಳ್ಳಿರಿ. ಇಳಿಯುವ ಕೊನೆಯ ಕೇಬಲ್ ಕಾರಿನ ಸಮಯವನ್ನು ಮಾತ್ರ ಬೆಳಿಗ್ಗೆಯೇ ಕೇಳಿ ಬರೆದಿಟ್ಟುಕೊಂಡಿರಬೇಕು.