ಬೀಚ್ ಕಾಡಿನಲ್ಲಿ ಚೊಕ್ಕ ಮರ ಹುಡುಕುವ ಕೆಲಸ: ನನ್ನ ಅನುಭವ

ಬೀಚ್ ಮರ ನೋಡಿಲ್ಲದವರಿಗೆ ಮೊದಲು ಅದರ ತೊಗಟೆಯ ಬಗ್ಗೆ ಹೇಳಬೇಕು. ತೆಳು, ನುಣುಪು, ಬೂದಿ ಬಣ್ಣ. ಮರಕ್ಕೆ ಎಷ್ಟೇ ವಯಸ್ಸಾದರೂ ಮಾವು, ಹುಣಸೆಯ ತೊಗಟೆಯ ಹಾಗೆ ಒರಟಾಗುವುದಿಲ್ಲ. ಪ್ರೇಮಿಗಳು ಹೆಸರು ಕೆತ್ತಿದರೂ, ಕಾಯಿ ತಿನ್ನಲು ಕರಡಿ ಹತ್ತಿದರೂ ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಅಂಥ ತೊಗಟೆಯ ಮೇಲೆ ಬಿಳಿ ಚುಕ್ಕೆ ಎದ್ದವು ಅಂದರೆ ಮರಕ್ಕೆ ಕಷ್ಟಕಾಲ ಶುರುವಾಯಿತು ಅಂತಲೇ ಲೆಕ್ಕ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮಕ್ಕೆ, ಬರ್ಕ್‌ಷೈರ್ ಗುಡ್ಡಗಳಲ್ಲಿ ನಮ್ಮದೊಂದು ಸಣ್ಣ ಕಾಡಿದೆ. ಇಲ್ಲಿ ಕಾಡಿನ ಬಹುಪಾಲು ಖಾಸಗಿಯವರದ್ದೇ, ಹಾಗಾಗಿ ಅದರ ಕಷ್ಟಸುಖವೂ ನಮ್ಮ ತಲೆಗೇ. ಇರುವುದು ಬೀಚ್, ಶುಗರ್ ಮೇಪಲ್, ಹಳದಿ ಬರ್ಚ್. ನಾನು ಹುಟ್ಟಿ ಬೆಳೆದದ್ದು ಕಾಫಿ ಸೀಮೆಯಲ್ಲಿ. ಬಿಳಿ ಚುಕ್ಕೆ ನೋಡಿದ ಕೂಡಲೇ ಹಿಟ್ಟು ತಿಗಣೆ ಅಂತ ಬಾಯಿಗೆ ಬಂತು. ಇದು ಅದರ ದೂರದ ನೆಂಟ, ಹೆಸರು ಬೀಚ್ ಸ್ಕೇಲ್.

ಯುರೋಪಿನಿಂದ ತಂದ ಅಲಂಕಾರದ ಬೀಚ್ ಗಿಡಗಳ ಜೊತೆ ಇದು 1890ರ ಸುಮಾರಿಗೆ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಬಂತು. ಅಲ್ಲಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿತು. ಒಂದು ಮಿಲಿಮೀಟರ್ ಉದ್ದದ ಹುಳು, ರೆಕ್ಕೆ ಇಲ್ಲ. ಎಲ್ಲವೂ ಹೆಣ್ಣೇ, ಗಂಡಿನ ಹಂಗೇ ಇಲ್ಲದೆ ಮೊಟ್ಟೆ ಇಡುತ್ತವೆ. ಮರಿಗೆ ಮಾತ್ರ ಕಾಲಿರುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಹೊರಬಂದು ತೊಗಟೆಯ ಸಂದು ಹುಡುಕಿಕೊಂಡು ಹರಿದಾಡುತ್ತದೆ, ಇಲ್ಲವೇ ಗಾಳಿಗೆ ಸಿಕ್ಕಿ ಪಕ್ಕದ ಮರಕ್ಕೆ ಹೋಗುತ್ತದೆ. ಒಮ್ಮೆ ಸೂಜಿಯಂಥ ಬಾಯಿ ಚುಚ್ಚಿ ಕೂತರೆ ಮುಗಿಯಿತು, ಮತ್ತೆ ಏಳುವುದಿಲ್ಲ. ಮೇಲೆ ಮೇಣದ ಬಿಳಿ ಉಣ್ಣೆ ಹೊದ್ದುಕೊಳ್ಳುತ್ತದೆ.

ಆದರೆ ಮರ ಸಾಯುವುದು ಈ ಹುಳು ರಸ ಹೀರುವುದರಿಂದಲ್ಲ. ಹುಳು ಚುಚ್ಚಿದ ಕಡೆಯಿಂದ ನಿಯೋನೆಕ್ಟ್ರಿಯಾ ಎಂಬ ಶಿಲೀಂಧ್ರ ಒಳಗೆ ಇಳಿಯುತ್ತದೆ. ತೊಗಟೆಯನ್ನು ತುಂಡು ತುಂಡಾಗಿ ಸಾಯಿಸುವುದು ಅದು. ಚಳಿಗಾಲಕ್ಕೆ ಮುಂಚೆ ಭೂತಗನ್ನಡಿ ಹಿಡಿದು ನೋಡಿ: ಸತ್ತ ತೊಗಟೆಯ ಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು ಗುಳ್ಳೆಗಳು ಗುಂಪು ಗುಂಪಾಗಿ ಎದ್ದಿರುತ್ತವೆ. ಅದನ್ನು ಕಂಡ ಮೇಲೆ ಆ ಮರದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಒಳಗೆ ಟೊಳ್ಳಾಗಿ, ಎಲೆ ಹಸಿರಾಗಿ ಇರುವಾಗಲೇ ಕಾಂಡ ನಡುವಿನಲ್ಲಿ ಲಟಕ್ಕನೆ ಮುರಿಯುತ್ತದೆ. ಗಾಳಿ ಬೀಸುವ ದಿನ ನಾನು ಅಂಥ ಮರಗಳ ಕಡೆ ಹೋಗುವುದೇ ಇಲ್ಲ.

ನಮ್ಮ ಕಾಡು ನೋಡಲು ಬಂದ ಫಾರೆಸ್ಟರ್ ಹೇಳಿದ್ದು ಒಂದೇ ಮಾತು: ಬೀಚ್ ಎಲ್ಲ ತೆಗೆಸಿಬಿಡಿ, ಮೇಪಲ್‌ಗೆ ಜಾಗ ಆಗುತ್ತದೆ. ವ್ಯವಹಾರದ ಲೆಕ್ಕದಲ್ಲಿ ತಪ್ಪಿಲ್ಲ. ನನಗೆ ಒಪ್ಪಿಗೆಯಾಗಲಿಲ್ಲ, ಯಾಕೆಂದರೆ ಅಮೆರಿಕದ ಬೀಚ್‌ನಲ್ಲಿ ನೂರಕ್ಕೆ 1ರಿಂದ 5 ಮರಗಳಿಗೆ ಸ್ಕೇಲ್ ಹತ್ತುವುದೇ ಇಲ್ಲ. ಹುಟ್ಟಿನಿಂದಲೇ ಬಂದ ಗುಣ ಅದು. ರೋಗ ಬಂತು ಅಂತ ಎಲ್ಲವನ್ನೂ ಉರುಳಿಸಿದರೆ ಆ ನಾಲ್ಕು ಗಟ್ಟಿ ಮರಗಳೂ ಸೌದೆಯಾಗುತ್ತವೆ, ಅಲ್ವಾ? ಹಾಗಾಗಿ ಹುಳು ಕೊಲ್ಲುವ ಯೋಚನೆ ಬಿಟ್ಟು ಮರ ಆರಿಸುವ ಕೆಲಸಕ್ಕೆ ಕೈ ಹಾಕಿದೆ. ಮನೆ ಅಂಗಳದಲ್ಲಿ ಒಂದೇ ಬೀಚ್ ಇದ್ದರೆ ಮೆತ್ತನೆ ಬ್ರಷ್ಷು, ನೀರು ಹಿಡಿದು ಉಜ್ಜಿ ತೊಳೆಯಬಹುದು. ಕಾಡಿಗೆ ಔಷಧಿ ಹೊಡೆಯುವುದು ಆಗಹೋಗದ ಮಾತು.

ಹುಡುಕಲು ಒಳ್ಳೆಯ ಕಾಲ ಚಳಿಗಾಲ. ಬೇರೆ ಮರಗಳ ಎಲೆ ಉದುರಿ ಕಾಡಿನೊಳಗೆ ಬೆಳಕು ಇಳಿದಿರುತ್ತದೆ. ಬೀಚ್ ಮಾತ್ರ, ಅದರಲ್ಲೂ ಸಣ್ಣವು, ಒಣಗಿದ ಎಲೆ ಬಿಡದೆ ಹಿಡಿದುಕೊಂಡಿರುತ್ತವೆ, ದೂರದಿಂದಲೇ ಗುರುತು ಸಿಗುತ್ತದೆ. ನಾನು ನೋಡುವುದು ದೊಡ್ಡ ಮರಗಳನ್ನು ಮಾತ್ರ. ಸಣ್ಣ ಮರ ಚೊಕ್ಕವಾಗಿದ್ದರೆ ಅದಕ್ಕೇನೂ ಅರ್ಥವಿಲ್ಲ, ಹುಳು ಇನ್ನೂ ಬಂದಿರಲಿಕ್ಕಿಲ್ಲ. ಅಕ್ಕಪಕ್ಕದ ಮರಗಳಲ್ಲಿ ಬಿಳಿ ಹಿಟ್ಟು ಇರಲೇಬೇಕು. ಸುತ್ತ ಎಲ್ಲ ಕಜ್ಜಿ ಹಿಡಿದು ನಿಂತಿರುವಾಗ ನಡುವೆ ಒಂದು ಮರ ನುಣ್ಣಗಿದ್ದರೆ ಅದು ನಮಗೆ ಬೇಕಾದ ಮರ.

ಮರವನ್ನು ಪೂರ್ತಿ ಒಂದು ಸುತ್ತು ಹಾಕಬೇಕು. ಗೆಲ್ಲು ಕವಲೊಡೆಯುವ ಕಡೆ, ಹಳೆ ಗಾಯದ ಅಂಚು, ಬುಡದ ಪಾಚಿಯ ಕೆಳಗೆ, ಎಲ್ಲ ಕಡೆ ನೋಡಬೇಕು. ಬಿಳಿ ಕಂಡದ್ದೆಲ್ಲ ಹುಳುವಲ್ಲ, ಕಲ್ಲುಹೂವೂ ಬೆಳ್ಳಗಿರುತ್ತದೆ. ಉಗುರಿನಿಂದ ಕೆರೆದರೆ ಗೊತ್ತಾಗುತ್ತದೆ. ಕಲ್ಲುಹೂವು ತೊಗಟೆಗೆ ಅಂಟಿಯೇ ಇರುತ್ತದೆ. ಸ್ಕೇಲ್ ಆದರೆ ಮೇಣ ಸುಲಭವಾಗಿ ಎದ್ದು ಬರುತ್ತದೆ, ಅದರೊಳಗೆ ಹಳದಿ ಹುಳು ಸಿಗುತ್ತದೆ.

ಅನುಮಾನ ಇರುವ ಮರಕ್ಕೆ ಒಂದು ಪರೀಕ್ಷೆ ಇದೆ. ಇಲ್ಲಿನ ಅರಣ್ಯ ಇಲಾಖೆಯ ವಿಜ್ಞಾನಿಗಳು ಬಳಸುವ ವಿಧಾನ, ನಾವೂ ಮಾಡಬಹುದು. ಬೇಸಿಗೆಯಲ್ಲಿ ರೋಗದ ಮರದಿಂದ ಸ್ಕೇಲ್ ಮೊಟ್ಟೆಗಳನ್ನು ಬ್ರಷ್ಷಿನಿಂದ ಎತ್ತಿ, ಪರೀಕ್ಷೆಯ ಮರದ ತೊಗಟೆಗೆ ಸ್ಪಂಜಿನ ತುಂಡಿನ ಕೆಳಗೆ ಇಟ್ಟು ಕಟ್ಟಬೇಕು. ಮಳೆ ನೀರು ಇಳಿಯದ ಹಾಗೆ ಮೇಲೊಂದು ಹೊದಿಕೆ. ಮುಂದಿನ ವರ್ಷ ಬಿಚ್ಚಿ ನೋಡಬೇಕು. ಒಳಗೆ ಹುಳು ಬೆಳೆದು ಮೊಟ್ಟೆ ಇಟ್ಟಿದ್ದರೆ ಮರ ಫೇಲು. ಬರೀ ಖಾಲಿ ತೊಗಟೆ ಇದ್ದರೆ ರಿಬ್ಬನ್ ಕಟ್ಟುತ್ತೇನೆ.

ಇನ್ನು ನಿಜವಾಗಿ ಬೆನ್ನು ಮುರಿಯುವ ಕೆಲಸ ಪೊದೆಯದ್ದು. ಬೀಚ್ ಸಾಯುವ ಮೊದಲು, ಕಡಿದ ಮೇಲೂ, ಬೇರಿನಿಂದ ರಾಶಿ ರಾಶಿ ಮರಿ ಎಬ್ಬಿಸುತ್ತದೆ. ಜಿಂಕೆಗಳು ಮೇಪಲ್ ಸಸಿಯನ್ನು ಮೇಯುತ್ತವೆ, ಬೀಚ್ ಕಡೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಕೊನೆಗೆ ನೆಲದ ತುಂಬ ಬೀಚ್ ಮರಿಗಳೇ, ಅವೂ ತಾಯಿಯ ಹಾಗೆ ರೋಗ ಹಿಡಿಯುವಂಥವೇ. ಇವನ್ನು ಬೇಸಿಗೆ ಕೊನೆಯಲ್ಲಿ ಕತ್ತರಿಸಿ ಕೂಡಲೇ ಬುಡಕ್ಕೆ ಗ್ಲೈಫೋಸೇಟ್ ಹಚ್ಚುತ್ತೇನೆ. ಚೊಕ್ಕ ಮರದ ಸುತ್ತಮುತ್ತ ಮಾತ್ರ ಕಳೆನಾಶಕ ಸುತರಾಂ ಮುಟ್ಟಿಸುವುದಿಲ್ಲ. ಬೇರು ಒಂದೇ ಆದ್ದರಿಂದ ಮರಿಗೆ ಹಚ್ಚಿದ್ದು ತಾಯಿಗೂ ಹೋಗುತ್ತದೆ. ಅಷ್ಟೇ ಅಲ್ಲ, ಚೊಕ್ಕ ಮರದ ಬೇರಿನಿಂದ ಎದ್ದ ಮರಿಯಲ್ಲೂ ಅದೇ ಗಟ್ಟಿ ಗುಣ ಇರುತ್ತದೆ. ಅವನ್ನು ಬೆಳೆಯಲು ಬಿಟ್ಟು, ಮೇಲೆ ಬೆಳಕು ಬೀಳುವಂತೆ ರೋಗದ ಮರಗಳನ್ನು ತೆಗೆಸುತ್ತೇನೆ. ಅದೂ ನೆಲದ ಮೇಲೆ ಹಿಮ ಇರುವಾಗ. ಬೇರಿಗೆ ಪೆಟ್ಟು ಬಿದ್ದಷ್ಟೂ ಮರಿ ಜಾಸ್ತಿ. ಸೌದೆಯನ್ನು ಅಲ್ಲೇ ಸುಡುವುದು ವಾಸಿ. ಬೇರೆ ಊರಿಗೆ ಸಾಗಿಸಿದರೆ ಹುಳಕ್ಕೆ ನಾವೇ ಗಾಡಿ ಕೊಟ್ಟಂತೆ.

ನಡುವೆ ಒಂದು ತಮಾಷೆ. ಬೇಸಿಗೆ ಕೊನೆಗೆ ಕೊಂಬೆಗಳ ಮೇಲೆ ಹತ್ತಿ ಮೆತ್ತಿದ ಹಾಗೆ ಇನ್ನೊಂದು ಹುಳು ಬರುತ್ತದೆ, ಬೀಚ್ ಬ್ಲೈಟ್ ಏಫಿಡ್. ಕೊಂಬೆ ಅಲುಗಿಸಿದರೆ ಸಾಕು, ಇಡೀ ಗುಂಪು ಹಿಂಭಾಗ ಎತ್ತಿ ಒಟ್ಟಿಗೆ ಕುಣಿಯುತ್ತದೆ. ಕೆಳಗೆ ಅದರ ಸಿಹಿ ಅಂಟು ಬಿದ್ದಲ್ಲಿ ಕಪ್ಪು ಸ್ಪಂಜಿನಂಥ ಬೂಷ್ಟು ಬೆಳೆಯುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ದೊಡ್ಡ ಮರಕ್ಕೆ ಅದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ, ಸುಮ್ನೆ ಬಿಟ್ಟುಬಿಡಿ.

ಗಾಬರಿ ಆಗಬೇಕಾದ್ದು ಎಲೆ ನೋಡಿ. 2012ರಲ್ಲಿ ಒಹಾಯೋದಲ್ಲಿ ಬೀಚ್ ಎಲೆಗೆ ಹೊಸ ರೋಗ ಕಾಣಿಸಿಕೊಂಡಿತು, 2020ಕ್ಕೆ ಮ್ಯಾಸಚೂಸೆಟ್ಸ್‌ಗೂ ಬಂತು. ಇದಕ್ಕೆ ಕಾರಣ ಕೀಟವಲ್ಲ, ಮೊಗ್ಗಿನೊಳಗೆ ಚಳಿಗಾಲ ಕಳೆಯುವ ನೆಮಟೋಡ್ ಎಂಬ ಸೂಕ್ಷ್ಮ ಜಂತುಹುಳು. ಎಲೆಯನ್ನು ಮೇಲಿಂದ ನೋಡಿದರೆ ಬೇಗ ತಿಳಿಯುವುದಿಲ್ಲ. ಮರದ ಕೆಳಗೆ ನಿಂತು ಆಕಾಶದ ಬೆಳಕಿಗೆ ನೋಡಬೇಕು, ನರಗಳ ನಡುವೆ ಕಪ್ಪು ಹಸಿರು ಪಟ್ಟೆ ಕಾಣುತ್ತದೆ. ಜಾಸ್ತಿಯಾದರೆ ಎಲೆ ಚರ್ಮದಂತೆ ದಪ್ಪಗಾಗಿ ಮುರುಟುತ್ತದೆ. ಸ್ಕೇಲ್ ಹತ್ತದ ಮರಕ್ಕೆ ಇದು ಹತ್ತುವುದಿಲ್ಲ ಅಂತೇನಿಲ್ಲ, ಎರಡೂ ಬೇರೆ ಬೇರೆ ಕಾಯಿಲೆ. ಹಾಗಾಗಿ ಈಗ ಎರಡು ಬಣ್ಣದ ರಿಬ್ಬನ್ ಒಯ್ಯುತ್ತೇನೆ. ಚಳಿಗಾಲದಲ್ಲಿ ತೊಗಟೆ ನೋಡಿ ನೀಲಿ, ಜೂನ್‌ನಲ್ಲಿ ಎಲೆ ನೋಡಿ ಹಳದಿ. ಎರಡೂ ಇರುವ ಮರದ ಹತ್ತಿರ ಗರಗಸ ತರಬಾರದು ಅಂತ ಮರ ಕಡಿಯುವವರಿಗೆ ಮೊದಲೇ ಹೇಳಿಟ್ಟಿದ್ದೇನೆ.