ನೈಟ್ರೋ ಟ್ರಕ್ಕಿನ ಟ್ಯಾಂಕ್ ಜಾಗ ಬದಲಿಸುವುದು: ಮೊದಲು ಎತ್ತರ ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ

ನೈಟ್ರೋ ಆರ್‌ಸಿ ಟ್ರಕ್ಕಿನ (ರಿಮೋಟಿನಲ್ಲಿ ಓಡಿಸುವ, ನೈಟ್ರೋ ಇಂಧನದ ಎಂಜಿನ್ ಇರುವ ಪುಟ್ಟ ಟ್ರಕ್ಕು) ಇಂಧನದ ಟ್ಯಾಂಕನ್ನು ಕಂಪನಿ ಕೂರಿಸಿದ ಜಾಗದಿಂದ ಎಬ್ಬಿಸಬೇಕಾದ ಸಂದರ್ಭ ಹಲವು ಸಲ ಬರುತ್ತದೆ. ದೊಡ್ಡ ಎಂಜಿನ್ ಹಾಕಿದರೆ ಎಕ್ಸಾಸ್ಟ್ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಪೈಪ್) ಟ್ಯಾಂಕಿಗೆ ತಾಗುತ್ತದೆ. 75 ಸಿಸಿ ಟ್ಯಾಂಕ್ ತೆಗೆದು 125 ಸಿಸಿಯದ್ದು ಹಾಕೋಣ ಅಂದರೆ ಹಳೇ ಜಾಗದಲ್ಲಿ ಅದು ಹಿಡಿಸುವುದಿಲ್ಲ. ಇನ್ನೊಂದು ಕಾರಣ ಬಿಸಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಾಸರಗೋಡು ಕಡೆಯ ಪದವುಗಳಲ್ಲಿ ಮುರಕಲ್ಲಿನ ನೆಲವೇ ಕಾದ ಕಾವಲಿಯಾಗಿರುತ್ತದೆ, ಅದರ ಮೇಲೆ ಎಂಜಿನ್ನಿನ ಪಕ್ಕಕ್ಕೇ ಅಂಟಿ ಕೂತ ಟ್ಯಾಂಕಿನೊಳಗಿನ ಇಂಧನ ಬೇಗ ಬಿಸಿಯಾಗಿ ಗಾಡಿಯ ಓಟ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ.

ಕಾರಣ ಯಾವುದೇ ಇರಲಿ, ಬಹಳಷ್ಟು ಜನ ಮೊದಲು ನೋಡುವುದು "ಎಲ್ಲಿ ಖಾಲಿ ಜಾಗ ಇದೆ" ಅಂತ. ನೋಡಬೇಕಾದ್ದು ಎತ್ತರ. ಟ್ಯಾಂಕ್ ಹಿಂದಕ್ಕೆ ಹೋದರೂ ಮುಂದಕ್ಕೆ ಬಂದರೂ ಎಂಜಿನ್ ಸಹಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಹೋಲಿಸಿದರೆ ಅದು ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಇದೆ ಅನ್ನುವುದರಲ್ಲಿ ತಪ್ಪಿದರೆ ಮಾತ್ರ ನೀಡಲ್ (ಕಾರ್ಬ್ಯುರೇಟರಿಗೆ ಎಷ್ಟು ಇಂಧನ ಹೋಗಬೇಕು ಅಂತ ಹೊಂದಿಸುವ ಸ್ಕ್ರೂ) ಎಷ್ಟು ತಿರುಗಿಸಿದರೂ ಟ್ಯೂನ್ ನಿಲ್ಲುವುದಿಲ್ಲ.

ಯಾಕೆ ಹೀಗೆ? ಈ ಟ್ಯಾಂಕಿನಲ್ಲಿ ಪಂಪ್ ಇಲ್ಲ. ಎಕ್ಸಾಸ್ಟ್ ಪೈಪಿನಿಂದ ಒಂದು ಸಣ್ಣ ಟ್ಯೂಬ್ ಟ್ಯಾಂಕಿನ ಮೇಲ್ಭಾಗಕ್ಕೆ ಬರುತ್ತದೆ, ಹೊಗೆಯ ಒತ್ತಡ ಅದರಲ್ಲಿ ಬಂದು ಇಂಧನವನ್ನು ಕೆಳಗಿನ ಪೈಪಿನಿಂದ ಕಾರ್ಬಿಗೆ ತಳ್ಳುತ್ತದೆ. ಈ ಒತ್ತಡ ತುಂಬ ಕಡಿಮೆ, ಐಡ್ಲಿನಲ್ಲಂತೂ ಇದ್ದೂ ಇಲ್ಲದ ಹಾಗೆ. ಹಾಗಾಗಿ ಟ್ಯಾಂಕ್ ಮೇಲಿದ್ದರೆ ಎಂಜಿನ್ ನಿಂತ ಮೇಲೂ ಇಂಧನ ತನ್ನಷ್ಟಕ್ಕೆ ಇಳಿದು ಎಂಜಿನ್ ಒಳಗೆ ತುಂಬಿಕೊಳ್ಳುತ್ತದೆ. ಅದನ್ನು ಗಮನಿಸದೆ ಪುಲ್ ಸ್ಟಾರ್ಟರ್ ಎಳೆದರೆ ಹಗ್ಗ ಸಿಕ್ಕಿಕೊಂಡು ನಿಲ್ಲುತ್ತದೆ, ಜೋರಾಗಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವೂ ಇದೆ. ಟ್ಯಾಂಕ್ ಕೆಳಗಿದ್ದರೆ ತುಂಬಿರುವಾಗ ಚೆನ್ನಾಗಿ ಓಡುತ್ತದೆ, ಮುಕ್ಕಾಲು ಖಾಲಿಯಾಗುವ ಹೊತ್ತಿಗೆ ಲೀನ್ ಆಗಿ (ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗಿ) ಹೊಗೆ ನಿಂತು ಎಂಜಿನ್ ವಿಪರೀತ ಕಾಯುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಈ ಎಂಜಿನ್ನಿಗೆ ಎಣ್ಣೆ ಬರುವುದು ಇಂಧನದ ಜೊತೆಯಲ್ಲೇ. ಇಂಧನ ಕಡಿಮೆಯಾಯಿತು ಅಂದರೆ ಎಣ್ಣೆಯೂ ಕಡಿಮೆಯಾಯಿತು ಅಂತಲೇ ಅರ್ಥ.

ಲೆಕ್ಕ ಇಷ್ಟು: ಟ್ಯಾಂಕ್ ಅರ್ಧ ತುಂಬಿರುವಾಗ ಒಳಗಿನ ಇಂಧನದ ಮಟ್ಟ ಕಾರ್ಬಿನ ಇಂಧನ ಒಳಬರುವ ನಿಪ್ಪಲ್ಲಿನ (ಟ್ಯೂಬ್ ಸಿಕ್ಕಿಸುವ ಸಣ್ಣ ಮೂತಿಯ) ಮಟ್ಟಕ್ಕೆ ಹೆಚ್ಚುಕಮ್ಮಿ ಸಮ ಇರಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೆ ನಡೆಯುತ್ತದೆ.

ಇದನ್ನು ಅಳೆಯಲು ಸ್ಕೇಲಿಗಿಂತ ಒಳ್ಳೆಯ ಉಪಾಯ ಇದೆ. ಗೋಡೆ ಕಟ್ಟುವ ಮೇಸ್ತ್ರಿಗಳು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಎರಡು ಮೂಲೆಗಳ ಮಟ್ಟ ನೋಡುತ್ತಾರಲ್ಲ, ಅದೇ ಕೆಲಸ ಇಲ್ಲೂ ಮಾಡಿ. ಗಾಡಿಯನ್ನು ಸಮತಟ್ಟಾದ ಮೇಜಿನ ಮೇಲಿಡಿ. ಟ್ಯಾಂಕನ್ನು ಹೊಸ ಜಾಗದಲ್ಲಿ ಡಬಲ್ ಟೇಪ್ ಹಾಕಿ ತಾತ್ಕಾಲಿಕವಾಗಿ ನಿಲ್ಲಿಸಿ, ಅರ್ಧದಷ್ಟು ಇಂಧನ ಹಾಕಿ, ಮುಚ್ಚಳ ತೆರೆದೇ ಇರಲಿ. ಈಗ ಇಂಧನದ ಟ್ಯೂಬನ್ನು ಕಾರ್ಬಿಗೆ ಹಾಕದೆ ಅದರ ತುದಿಯನ್ನು ಕಾರ್ಬಿನ ಪಕ್ಕದಲ್ಲಿ ಮೇಲಕ್ಕೆ ಹಿಡಿಯಿರಿ. ಟ್ಯೂಬಿನೊಳಗೆ ಬಣ್ಣದ ಇಂಧನ ಏರಿ ಒಂದು ಕಡೆ ಬಂದು ನಿಲ್ಲುತ್ತದೆ. ಅದು ನಿಂತಲ್ಲಿಗೆ ನಿಪ್ಪಲ್ ಇದ್ದರೆ ಜಾಗ ಸರಿ. ನಿಪ್ಪಲ್ಲಿಗಿಂತ ಮೇಲೆ ನಿಂತರೆ ಟ್ಯಾಂಕ್ ಇಳಿಸಬೇಕು, ಕೆಳಗೆ ನಿಂತರೆ ಏರಿಸಬೇಕು. ಎರಡು ನಿಮಿಷದ ಕೆಲಸ, ಆದರೆ ಚಾಸಿಗೆ ತೂತು ಹೊಡೆದ ಮೇಲೆ ಇದನ್ನು ಮಾಡಿ ಪ್ರಯೋಜನವಿಲ್ಲ. ಈ ಕೆಲಸವನ್ನು ಹೊರಗೆ, ಗಾಳಿಯಾಡುವಲ್ಲಿ ಮಾಡಿ. ಹತ್ತಿರ ಬೀಡಿ, ಬೆಂಕಿ, ಒಲೆ ಏನೂ ಇರಬಾರದು.

ಇಂಧನದ ವಿಷಯ ಬಂತಲ್ಲ, ಒಂದು ಮಾತು ಇಲ್ಲೇ ಹೇಳುತ್ತೇನೆ. ನಮ್ಮ ಊರಲ್ಲಿ ತೋಟ ಇರುವವರ ಮನೆಯಲ್ಲೆಲ್ಲ ಹುಲ್ಲು ಕತ್ತರಿಸುವ ಮೆಷಿನ್ ಇದೆ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವುದು ಎಲ್ಲರಿಗೂ ಅಭ್ಯಾಸ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ನೈಟ್ರೋ ಇಂಧನದ ಮುಖ್ಯ ಭಾಗ ಮೆಥನಾಲ್, ಜೊತೆಗೆ ನೈಟ್ರೋಮೀಥೇನ್ ಮತ್ತು ಎಣ್ಣೆ. ಟ್ಯೂಬಿನಿಂದ ಬಾಯಲ್ಲಿ ಎಳೆದು ಟ್ಯಾಂಕ್ ಖಾಲಿ ಮಾಡುವುದು ಬೇಡವೇ ಬೇಡ. ಮೆಥನಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ, ಹಾಗಾಗಿ ಗ್ಲೌಸ್ ಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಸಿರಿಂಜ್ ಒಂದು ತಂದಿಟ್ಟುಕೊಳ್ಳಿ, ಇಂಧನ ತೆಗೆಯಲೂ ಹಾಕಲೂ ಅದಷ್ಟೇ ಸಾಕು. ಇನ್ನೊಂದು, ಮೆಥನಾಲ್ ಹತ್ತಿಕೊಂಡರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರು, ಅದರಲ್ಲಿ ಅದ್ದಿದ ಗೋಣಿಚೀಲ ಇರಲಿ. ಮಕ್ಕಳು ಸುತ್ತ ನಿಂತು ನೋಡುವ ಕಡೆ ಇದು ಇನ್ನೂ ಮುಖ್ಯ.

ಎತ್ತರ ಸರಿಯಾಯಿತು ಅಂದುಕೊಳ್ಳಿ. ಇನ್ನು ಜಾಗ. ಎಂಜಿನ್ನಿನ ತಲೆ ಓಡುವಾಗ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹೆಡರ್ ಅದಕ್ಕಿಂತಲೂ ಬಿಸಿ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಗೆ. ಟ್ಯಾಂಕಿಗೂ ಹೆಡರ್, ಪೈಪಿಗೂ ನಡುವೆ ನಿಮ್ಮ ಬೆರಳು ಸಲೀಸಾಗಿ ಹೋಗುವಷ್ಟಾದರೂ ಸಂದಿ ಬೇಕು. ಹಾಗಂತ ಟ್ಯಾಂಕನ್ನು ಎಂಜಿನ್ನಿನ ಮುಂದೆ ಗಾಳಿಗೆ ಅಡ್ಡ ಕೂರಿಸಬೇಡಿ. ಇಂಧನ ತಂಪಾಗಿರುತ್ತದೆ, ಎಂಜಿನ್ ಕಾಯುತ್ತದೆ.

ಟ್ಯಾಂಕನ್ನು ತಿರುಗಿಸಿ ಕೂರಿಸುವ ಮೊದಲು ಒಳಗೆ ನೋಡಿ. ಇಂಧನ ಎಳೆಯುವ ಬಾಯಿ ಸಾಮಾನ್ಯವಾಗಿ ಒಂದು ತಗ್ಗಿನ ಮೂಲೆಯಲ್ಲಿ ಇರುತ್ತದೆ. ಗಾಡಿ ಮುಂದಕ್ಕೆ ಜಿಗಿದಾಗ ಇಂಧನ ಹಿಂದಕ್ಕೆ ಓಡುತ್ತದೆ, ಹಾಗಾಗಿ ಆ ಬಾಯಿ ಹಿಂದಿನ ಕಡೆಗೇ ಇರಬೇಕು. ಟ್ಯಾಂಕನ್ನು ಹಿಂದುಮುಂದು ಮಾಡಿದರೆ ಆ ಮೂಲೆ ಮುಂದಕ್ಕೆ ಬರುತ್ತದೆ. ಆಗ ಇಂಧನ ಅರ್ಧಕ್ಕಿಂತ ಕಡಿಮೆ ಇದ್ದು ನೀವು ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ನಿಗೆ ಸಿಗುವುದು ಬರೀ ಗಾಳಿ. ತಿರುಗಿಸಲೇಬೇಕಾದರೆ ಒಳಗೆ ಮೆತ್ತಗಿನ ಟ್ಯೂಬ್ ಮತ್ತು ಅದರ ತುದಿಗೆ ತೂಕದ ಕ್ಲಂಕ್ (ಇಂಧನ ಎಳೆಯುವ ಭಾರದ ಬಾಯಿ) ಹಾಕಿ, ಇಂಧನ ಹೋದಲ್ಲಿಗೆ ಅದೂ ಹೋಗುತ್ತದೆ.

ಅಡ್ಡ ತೂಕವನ್ನೂ ಮರೆಯಬೇಡಿ. ಶೇಕಡಾ 20 ನೈಟ್ರೋ ಇರುವ ಇಂಧನ 125 ಸಿಸಿ ಅಂದರೆ ಸುಮಾರು 110 ಗ್ರಾಂ. ಗಾಡಿಯ ಮಧ್ಯರೇಖೆಯ ಮುಂದೆ ಒಂದು, ಹಿಂದೆ ಒಂದು ಕಡೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಎತ್ತಿ ನೋಡಿ. ಯಾವ ಕಡೆಗೆ ವಾಲುತ್ತದೆ ಅಂತ ತಿಳಿಯುತ್ತದೆ. ಟ್ಯಾಂಕ್ ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ನೋಡಿ. ವಾಲುವುದು ಜಾಸ್ತಿ ಇದ್ದರೆ ರಿಸೀವರ್ ಬ್ಯಾಟರಿಯನ್ನು ಇನ್ನೊಂದು ಬದಿಗೆ ಸರಿಸಿದರೆ ಬಹುಪಾಲು ಸರಿಹೋಗುತ್ತದೆ.

ಇವೆಲ್ಲ ಮುಗಿದ ಮೇಲೆ ಬ್ರಾಕೆಟ್. ಮೊದಲು ಚಪ್ಪಲಿ ಬಾಕ್ಸಿನ ರಟ್ಟಿನಲ್ಲಿ ಮಾಡಿ. ರಟ್ಟು ಇಟ್ಟು ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿ, ಥ್ರಾಟಲ್ ಮತ್ತು ಬ್ರೇಕ್ ಲಿಂಕ್ ಆಡಿಸಿ, ಪುಲ್ ಸ್ಟಾರ್ಟರ್ ಹಗ್ಗ ಎಳೆದು ನೋಡಿ. ಹಗ್ಗ ಟ್ಯಾಂಕಿಗೆ ಸವರಿಕೊಂಡು ಬರುವುದು ಕೊನೇ ಗಳಿಗೆಯಲ್ಲಿ ಗೊತ್ತಾಗುವ ತೊಂದರೆಗಳಲ್ಲಿ ಒಂದು. ಮುಚ್ಚಳ ಪೂರ್ತಿ ತೆರೆಯಲು ಮೇಲೆ ಜಾಗ ಇದೆಯಾ, ಬಾಡಿ ಹಾಕಿದ ಮೇಲೆ ಇಂಧನದ ಬಾಟಲಿಯ ಮೂತಿ ಒಳಗೆ ಹೋಗುತ್ತದಾ, ಅದನ್ನೂ ನೋಡಿ.

ರಟ್ಟು ಒಪ್ಪಿಗೆಯಾದರೆ 2 ಮಿ.ಮೀ. ಅಲ್ಯುಮಿನಿಯಂ ತಗಡಿನಲ್ಲಿ ಕತ್ತರಿಸಿ. ಇದಕ್ಕಾಗಿ ಮಂಗಳೂರಿನವರೆಗೆ ಹೋಗಬೇಕಾಗಿಲ್ಲ. ಕುಂಬಳೆ, ಬದಿಯಡ್ಕ, ಉಪ್ಪಳ ಎಲ್ಲಾದರೂ ಕಿಟಕಿ ಬಾಗಿಲು ಮಾಡುವ ಅಲ್ಯುಮಿನಿಯಂ ಅಂಗಡಿಯಲ್ಲಿ ಕೇಳಿದರೆ ಉಳಿದ ತುಂಡು ಸಿಗುತ್ತದೆ. ಅಂಚುಗಳನ್ನು ಅರದಿಂದ ಚೆನ್ನಾಗಿ ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ಅದೇ ಅಂಚು ನಾಳೆ ಟ್ಯೂಬ್ ಕೊಯ್ಯುತ್ತದೆ. 3 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ತೂತು. ಚಾಸಿಯ ಅಂಚಿಗೆ ಅಥವಾ ಈಗಾಗಲೇ ಇರುವ ತೂತುಗಳಿಗೆ ತೀರಾ ಹತ್ತಿರ ಡ್ರಿಲ್ ಮಾಡಬೇಡಿ, ಜಿಗಿದು ಬಿದ್ದಾಗ ಬಿರುಕು ಬಿಡುವುದು ಅಲ್ಲಿಂದಲೇ. ಕೆಳಗಿನಿಂದ ಸ್ಕ್ರೂ ತಲೆ ಚಾಸಿಯೊಳಗೆ ಇಳಿದು ಕೂರುವಂತೆ ಕೌಂಟರ್‌ಸಿಂಕ್ ಮಾಡಿ. ಮುರಕಲ್ಲಿನ ಮೇಲೆ ಓಡಿಸುವವರಿಗೆ ಇದು ಬೇಕೇ ಬೇಕು, ಹೊರಗೆ ಉಳಿದ ತಲೆ ಸವೆದು ಮತ್ತೆ ಬಿಚ್ಚಲು ಬರುವುದಿಲ್ಲ.

ಡ್ರಿಲ್ ಮಾಡುವಾಗ ಎಂಜಿನ್ ಬಿಚ್ಚಿ ಬದಿಗಿಡುವುದೇ ಸರಿ. ಕನಿಷ್ಠ ಕಾರ್ಬಿನ ಬಾಯಿ, ಎಕ್ಸಾಸ್ಟಿನ ಬಾಯಿ ಎರಡಕ್ಕೂ ಟೇಪ್ ಸುತ್ತಿ. ಅಲ್ಯುಮಿನಿಯಂನ ಒಂದು ಚೂರು ಒಳಗೆ ಹೋದರೆ ಪಿಸ್ಟನ್, ಸ್ಲೀವ್ ಎರಡನ್ನೂ ಗೀರಿ ಹಾಕುತ್ತದೆ.

ಟ್ಯಾಂಕನ್ನು ಬ್ರಾಕೆಟ್ಟಿಗೆ ನೇರ ಬಿಗಿಯಬೇಡಿ. ನಡುವೆ ರಬ್ಬರ್ ಗ್ರೊಮೆಟ್ ಅಥವಾ ದಪ್ಪ ಓ ರಿಂಗ್ ಇರಲಿ. ಎಂಜಿನ್ನಿನ ನಡುಕ ನೇರವಾಗಿ ಟ್ಯಾಂಕಿಗೆ ಬಂದರೆ ಇಂಧನ ನೊರೆಯಾಗುತ್ತದೆ, ನೊರೆಯ ಗುಳ್ಳೆಗಳು ಟ್ಯೂಬಿನಲ್ಲಿ ಹೋದಾಗ ಎಂಜಿನ್ ಕೆಮ್ಮುತ್ತದೆ. ಸ್ಕ್ರೂ ಕೈಗೆ ಬಿಗಿ ಅನಿಸಿದಲ್ಲಿಗೆ ನಿಲ್ಲಿಸಿ, ರಬ್ಬರ್ ಚಪ್ಪಟೆಯಾಗುವಷ್ಟು ಬೇಡ. ಬಿಚ್ಚಿಹೋಗದಂತೆ ನೈಲಾಕ್ ನಟ್ ಹಾಕಿ.

ಟ್ಯೂಬ್ ಸಿಲಿಕೋನಿನದ್ದೇ ಆಗಬೇಕು. ಹುಲ್ಲಿನ ಮೆಷಿನ್ ರಿಪೇರಿ ಅಂಗಡಿಯಲ್ಲಿ ಸಿಗುವುದು ಪೆಟ್ರೋಲಿಗೆ ಅಂತ ಮಾಡಿದ ಟ್ಯೂಬ್. ಹಾಗೇ ಸಿಲಿಕೋನ್ ಟ್ಯೂಬ್ ಪೆಟ್ರೋಲಿಗೆ ಆಗುವುದಿಲ್ಲ, ಊದಿಕೊಂಡು ಹಾಳಾಗುತ್ತದೆ. ಇಂಧನದ ಟ್ಯೂಬ್ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಒಳಗಿನ ಅಗಲ 2.5 ಮಿ.ಮೀ. ಇದ್ದರೆ 10 ಸೆಂಟಿಮೀಟರ್ ಹೆಚ್ಚಾದರೂ ಒಳಗೆ ನಿಲ್ಲುವುದು ಅರ್ಧ ಸಿಸಿ ಮಾತ್ರ, ಅದು ದೊಡ್ಡದಲ್ಲ. ತೊಂದರೆ ಬರುವುದು ಉದ್ದ ಟ್ಯೂಬ್ ಬಾಗುವಲ್ಲಿ, ಬಿಸಿ ತಾಗುವಲ್ಲಿ, ಫ್ಲೈವೀಲಿಗೆ ಉಜ್ಜುವಲ್ಲಿ. ಫ್ಲೈವೀಲ್ ಹತ್ತಿರ ಹೋಗಲೇಬೇಕಾದರೆ ಟೈ ಹಾಕಿ ಹಿಡಿಸಿ, ಆದರೆ ಟ್ಯೂಬ್ ಅದುಮುವಷ್ಟು ಎಳೆಯಬೇಡಿ. ನಡುವೆ ಒಂದು ಫಿಲ್ಟರ್ ಇರಲಿ, ಇಲ್ಲಿನ ಕೆಂಪು ಧೂಳು ಇಂಧನ ತುಂಬಿಸುವ ಆ ಒಂದು ಕ್ಷಣದಲ್ಲೇ ಒಳಗೆ ಸೇರುತ್ತದೆ. ಒತ್ತಡದ ಟ್ಯೂಬನ್ನು ಮಾತ್ರ ಟ್ಯಾಂಕಿಗಿಂತ ಮೇಲಕ್ಕೆ ಒಂದು ಬಳಸು ಕೊಟ್ಟು ತನ್ನಿ, ಗಾಡಿ ವಾಲಿದಾಗ ಇಂಧನ ಎಕ್ಸಾಸ್ಟಿಗೆ ಹರಿಯುವುದು ಕಡಿಮೆಯಾಗುತ್ತದೆ.

ಜೋಡಿಸುವ ಮೊದಲು ಖಾಲಿ ಟ್ಯಾಂಕಿನ ಒಂದು ನಿಪ್ಪಲ್ಲಿಗೆ ಸ್ಕ್ರೂ ಹಾಕಿದ ತುಂಡು ಟ್ಯೂಬ್ ಸಿಕ್ಕಿಸಿ ಮುಚ್ಚಿ, ಇನ್ನೊಂದಕ್ಕೆ ಸಿರಿಂಜ್ ಹಾಕಿ ಗಾಳಿ ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಮುಚ್ಚಳದ ಸುತ್ತ ಗುಳ್ಳೆ ಬಂದರೆ ಓ ರಿಂಗ್ ಬದಲಿಸಿ. ಸೋರುವ ಮುಚ್ಚಳ ಇಟ್ಟುಕೊಂಡು ಟ್ಯೂನ್ ಮಾಡಲು ಕೂತರೆ ಸುಮ್ನೆ ದಿನ ಹಾಳು. ಆಮೇಲೆ ಟ್ಯಾಂಕನ್ನು ಪೂರ್ತಿ ಒಣಗಿಸಿ, ಮೆಥನಾಲ್ ನೀರನ್ನು ಹೀರಿಕೊಳ್ಳುತ್ತದೆ.

ಈಗ ಸ್ಟಾರ್ಟ್. ಹೈ ಸ್ಪೀಡ್ ನೀಡಲನ್ನು ಮೊದಲಿದ್ದದ್ದಕ್ಕಿಂತ ಒಂದು ಸುತ್ತಿನ ಎಂಟನೇ ಒಂದು ಭಾಗ ತೆರೆದು ರಿಚ್ ಮಾಡಿ (ಇಂಧನ ಸ್ವಲ್ಪ ಹೆಚ್ಚು ಹೋಗುವಂತೆ) ಶುರುಮಾಡಿ. ಹಿಂದೆ ನೀಲಿ ಹೊಗೆಯ ಗೆರೆ ಕಾಣಬೇಕು. ಎಂಜಿನ್ ಬಿಸಿಯಾದ ಮೇಲೆ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಐಡ್ಲಿನಲ್ಲಿ ಗಾಡಿಯ ಮೂತಿಯನ್ನು ಮೇಲಕ್ಕೆ ಮಾಡಿ ಸ್ವಲ್ಪ ಹೊತ್ತು ಹಿಡಿಯಿರಿ, ಆಮೇಲೆ ಕೆಳಕ್ಕೆ. ಎಂಜಿನ್ನಿನ ಸದ್ದು ತುಸು ಬದಲಾದರೆ ಸಹಜ. ಒಂದು ಕಡೆಗೆ ವಾಲಿಸಿದಾಗ ಮುಳುಗಿದ ಹಾಗೆ ಗುರುಗುಟ್ಟಿ, ಇನ್ನೊಂದು ಕಡೆಗೆ ಕಿರಿಚಿ ನಿಂತರೆ ಟ್ಯಾಂಕ್ ಕಾರ್ಬಿನಿಂದ ತುಂಬ ದೂರ ಹೋಗಿದೆ ಅಥವಾ ಎತ್ತರ ಇನ್ನೂ ಸರಿಯಾಗಿಲ್ಲ.

ಮೊದಲ ಟ್ಯಾಂಕನ್ನು ಅರ್ಧ ಥ್ರಾಟಲ್ ದಾಟದೆ ಓಡಿಸಿ, ಕೊನೆಯ ಕಾಲು ಭಾಗದಲ್ಲಿ ಕಿವಿ ಅಲ್ಲೇ ಇರಲಿ. ಐಡ್ಲ್ ತನ್ನಷ್ಟಕ್ಕೆ ಏರಿದರೆ, ಹೊಗೆ ತೆಳುವಾದರೆ ಕೂಡಲೇ ನಿಲ್ಲಿಸಿ. ಆಗ ನೀಡಲ್ ಮುಟ್ಟುವ ಮುಂಚೆ ಟ್ಯಾಂಕಿನ ಕೆಳಗೆ ಎರಡೆರಡು ವಾಷರ್ ಹಾಕಿ ಏರಿಸಿ ನೋಡಿ. ಗಾಡಿ ತಣಿದ ಮೇಲೆ ಬ್ರಾಕೆಟ್ಟಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಉಳಿದ ಇಂಧನ ಸಿರಿಂಜಿನಲ್ಲಿ ತೆಗೆದುಬಿಡಿ. ಎಂಜಿನ್ನಿನೊಳಗೆ ಉಳಿದದ್ದು ಸುಡುವವರೆಗೆ ಒಮ್ಮೆ ಸ್ಟಾರ್ಟ್ ಮಾಡಿ ಆರಿಸಿ, ಗ್ಲೋ ಪ್ಲಗ್ ತೂತಿನಿಂದ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಡಿ. ಕಡಲ ಹತ್ತಿರದ ಮಂಜೇಶ್ವರ, ಕುಂಬಳೆಯವರು ಇದನ್ನು ಅದೇ ಸಂಜೆ ಮಾಡಿ, ನಾಳೆಗೆ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯಲು ಶುರುವಾಗುತ್ತದೆ.